‘ನ್ಯೂ’ ಬಟನ್ ಓವರ್‌ರೈಡ್ ಮಾಡಿ, ‘ಡಿಲೀಟ್’ ಬೇಡ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸೇಲ್ಸ್‌ಫೋರ್ಸ್‌ನಲ್ಲಿ (ಮಾರಾಟ, ಗ್ರಾಹಕರ ವಿವರ ಇಡುವ ತಂತ್ರಾಂಶ) ಆಪರ್ಚುನಿಟಿಯ, ಅಂದರೆ ಒಂದು ಡೀಲ್‌ನ ರೆಕಾರ್ಡ್‌ನ, ‘ನ್ಯೂ’ ಒತ್ತಿದರೆ ನೀವೇ ಮಾಡಿದ ಫಾರ್ಮ್ ತೆರೆಯಬೇಕು. ‘ಡಿಲೀಟ್’ ಒತ್ತಿದರೆ ಗೆದ್ದು ಮುಗಿದ ಡೀಲ್ ಅಳಿಸಿಹೋಗಬಾರದು. ಎರಡನ್ನೂ ಬಟನ್ ಓವರ್‌ರೈಡ್‌ನಲ್ಲೇ, ಅಂದರೆ ಬಟನ್ ಒತ್ತಿದಾಗ ಮಾಮೂಲಿ ಪುಟದ ಬದಲು ನಮ್ಮದು ತೆರೆಯುವಂತೆ ಮಾಡಿ, ಸಾಧಿಸಬಹುದಾ? ಮೊದಲನೆಯದನ್ನು ಧಾರಾಳವಾಗಿ ಮಾಡಿ. ಎರಡನೆಯದಕ್ಕೆ ಅದು ಸರಿಯಾದ ದಾರಿ ಅಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸೆಟಪ್‌ನಲ್ಲಿ ಆಬ್ಜೆಕ್ಟ್ ಮ್ಯಾನೇಜರ್, ಅದರಲ್ಲಿ ಆಪರ್ಚುನಿಟಿ, ಅಲ್ಲಿ ‘ಬಟನ್ಸ್, ಲಿಂಕ್ಸ್ ಆ್ಯಂಡ್ ಆ್ಯಕ್ಷನ್ಸ್’ ತೆರೆಯಿರಿ. ‘ನ್ಯೂ’ ಸಾಲಿನಲ್ಲಿ ಎಡಿಟ್ ಒತ್ತಿದರೆ ಕ್ಲಾಸಿಕ್ (ಹಳೆಯ ಪರದೆ), ಲೈಟ್ನಿಂಗ್ (ಹೊಸ ಪರದೆ), ಮೊಬೈಲ್ ಮೂರಕ್ಕೂ ಬೇರೆ ಬೇರೆ ಆಯ್ಕೆ ಕಾಣುತ್ತದೆ. ವಿಷುವಲ್‌ಫೋರ್ಸ್ (ಸೇಲ್ಸ್‌ಫೋರ್ಸ್‌ಗೆ ಪುಟ ಬರೆಯುವ ಹಳೆಯ ವಿಧಾನ) ಪೇಜ್ ಮಾಡಿಟ್ಟಿದ್ದರೂ ಪಟ್ಟಿಯಲ್ಲಿ ಬರುತ್ತಿಲ್ಲ ಅಂದರೆ ಅದರ ಸ್ಟ್ಯಾಂಡರ್ಡ್ ಕಂಟ್ರೋಲರ್, ಅಂದರೆ ಪುಟ ಯಾವ ಬಗೆಯ ರೆಕಾರ್ಡ್‌ಗೆ ಅಂತ ಹೇಳುವ ಭಾಗ, ನೋಡಿ. ಅದು ಆಪರ್ಚುನಿಟಿಯೇ ಆಗಿರಬೇಕು. ಔರಾ (ಲೈಟ್ನಿಂಗ್‌ಗೆ ಪರದೆಯ ತುಣುಕು ಬರೆಯುವ ವಿಧಾನ) ಕಾಂಪೊನೆಂಟ್ ಆದರೆ ‘ಲೈಟ್ನಿಂಗ್:ಆ್ಯಕ್ಷನ್‌ಓವರ್‌ರೈಡ್’ (lightning:actionOverride) ಇಂಟರ್‌ಫೇಸ್ ಸೇರಿಸಬೇಕು. ಎಲ್‌ಡಬ್ಲ್ಯುಸಿಯಲ್ಲಿ (ಲೈಟ್ನಿಂಗ್ ವೆಬ್ ಕಾಂಪೊನೆಂಟ್, ಔರಾ ನಂತರ ಬಂದ ವಿಧಾನ) ಬರೆದ ಫಾರ್ಮನ್ನು ನಾನು ಒಂದು ಪುಟ್ಟ ಔರಾ ಕಾಂಪೊನೆಂಟ್ ಒಳಗೆ ಕೂರಿಸಿಕೊಳ್ಳುತ್ತೇನೆ. ಅಂದಹಾಗೆ, ‘ಸೇವ್’ ಬಟನ್ ಈ ಪಟ್ಟಿಯಲ್ಲಿ ಹುಡುಕಬೇಡಿ. ಅದನ್ನು ಹೀಗೆ ಬದಲಾಯಿಸಲು ಬರುವುದಿಲ್ಲ.

ಇಲ್ಲಿವರೆಗೆ ಸುಲಭ. ನಾನು ಎಡವಿದ್ದು ಇದರ ನಂತರ.

‘ನ್ಯೂ’ ಓವರ್‌ರೈಡ್ ಎಲ್ಲ ಬಳಕೆದಾರರಿಗೂ ಒಂದೇ. ಈ ಪ್ರೊಫೈಲ್‌ಗೆ (ಒಂದು ಬಗೆಯ ಬಳಕೆದಾರರ ಅನುಮತಿಗಳ ಕಟ್ಟು) ಹೊಸ ಫಾರ್ಮ್, ಆ ಪ್ರೊಫೈಲ್‌ಗೆ ಹಳೆಯದು ಅಂತ ಅಲ್ಲಿ ಆಯ್ಕೆ ಇಲ್ಲ. ನಮ್ಮಲ್ಲಿ ಹೊಸ ಫಾರ್ಮ್ ಬೇಕಿದ್ದದ್ದು ಸೇಲ್ಸ್ ತಂಡಕ್ಕೆ ಮಾತ್ರ. ಹಾಗಾಗಿ ಕಾಂಪೊನೆಂಟ್ ಒಳಗೇ ಪ್ರೊಫೈಲ್ ನೋಡಿ, ಉಳಿದವರನ್ನು ಮಾಮೂಲಿ ‘ನ್ಯೂ’ ಪುಟಕ್ಕೆ ಕಳಿಸುವಂತೆ ಬರೆದೆ. ಆದರೆ ಆ ಮಾಮೂಲಿ ‘ನ್ಯೂ’ ಜಾಗದಲ್ಲಿ ಈಗ ಇರುವುದು ನನ್ನ ಕಾಂಪೊನೆಂಟೇ ಅಲ್ವಾ! ಅದು ಮತ್ತೆ ತನ್ನನ್ನೇ ಕರೆಯಿತು, ಪರದೆ ಸುಮ್ನೆ ಗಿರಗಿರ ತಿರುಗುತ್ತಾ ಕೂತಿತು. ನನ್ನ ಲಾಗಿನ್‌ನಲ್ಲಿ ಮಾತ್ರ ಪರೀಕ್ಷೆ ಮಾಡಿದ್ದೆ, ನನಗೆ ಎಲ್ಲ ಸರಿಯಾಗೇ ಕಾಣುತ್ತಿತ್ತು. ಪರಿಹಾರ ಒಂದೇ ಪದ: ವಿಳಾಸದ ಕೊನೆಯಲ್ಲಿ ‘ನೋಓವರ್‌ರೈಡ್=1’ (nooverride=1) ಸೇರಿಸಬೇಕು. ಆಗ ಸೇಲ್ಸ್‌ಫೋರ್ಸ್ ನಿಮ್ಮ ಬದಲಾವಣೆಯನ್ನು ಬದಿಗಿಟ್ಟು ತನ್ನದೇ ಫಾರ್ಮ್ ತೋರಿಸುತ್ತದೆ.

ಎರಡನೇ ಎಡವಟ್ಟು ಇನ್ನೂ ಪೇಚಿನದು. ಒಂದು ಡೀಲ್ ತುಂಬಿ ಸೇವ್ ಮಾಡಿ, ಮತ್ತೆ ‘ನ್ಯೂ’ ಒತ್ತಿದರೆ ಹಿಂದಿನ ಗ್ರಾಹಕರ ಹೆಸರು ಹಾಗೇ ಕೂತಿತ್ತು. ಔರಾ ಕಾಂಪೊನೆಂಟ್ ಮೆಮೊರಿಯಲ್ಲೇ ಉಳಿದಿರುತ್ತದೆ, ಎರಡನೇ ಸಲ ‘ಇನಿಟ್’ (ಕಾಂಪೊನೆಂಟ್ ಶುರುವಾಗುವಾಗ ಓಡುವ ಕೋಡ್) ಓಡುವುದೇ ಇಲ್ಲ. ಫಾರ್ಮ್ ಖಾಲಿ ಮಾಡುವ ಕೆಲಸ ಇನಿಟ್‌ನಲ್ಲಿ ಮಾತ್ರ ಇಟ್ಟರೆ ಹೀಗೇ ಆಗುತ್ತದೆ. ಪೇಜ್‌ರೆಫರೆನ್ಸ್ (ಈಗ ತೆರೆದಿರುವ ಪುಟದ ವಿವರ) ಬದಲಾದಾಗ ಓಡುವ ಒಂದು ಚೇಂಜ್ ಹ್ಯಾಂಡ್ಲರ್ ಹಾಕಿ, ಅದರಲ್ಲೂ ಖಾಲಿ ಮಾಡಿ.

ಈಗ ‘ಡಿಲೀಟ್’ ವಿಷಯ. ಬಟನ್ ಅಂದರೆ ಮನೆಯ ಮುಂಬಾಗಿಲು ಅಷ್ಟೇ. ಅದಕ್ಕೆ ಬೀಗ ಹಾಕಿದರೂ ಡೇಟಾ ಲೋಡರ್ (ರೆಕಾರ್ಡ್‌ಗಳನ್ನು ಒಟ್ಟಿಗೆ ಸೇರಿಸುವ, ಅಳಿಸುವ ಸಾಧನ) ಹಿತ್ತಿಲಿನಿಂದ ಬರುತ್ತದೆ, ಎಪಿಐ (ಬೇರೆ ಪ್ರೋಗ್ರಾಂಗಳು ಒಳಬರುವ ದಾರಿ) ಕಿಟಕಿಯಿಂದ ಬರುತ್ತದೆ. ಅವು ಬಟನ್ನನ್ನು ನೋಡುವುದೇ ಇಲ್ಲ. ವ್ಯಾಲಿಡೇಷನ್ ರೂಲ್ (ಸೇವ್ ಮಾಡುವಾಗ ಡೇಟಾ ಸರಿಯಿದೆಯೇ ಅಂತ ನೋಡುವ ನಿಯಮ) ಹಾಕೋಣ ಅಂದರೆ ಅದು ಅಳಿಸುವಾಗ ಓಡುವುದಿಲ್ಲ. ಆದ್ದರಿಂದ ಬಿಫೋರ್ ಡಿಲೀಟ್ ಟ್ರಿಗರ್, ಅಂದರೆ ಅಳಿಸುವ ಮುಂಚೆ ತಾನಾಗೇ ಓಡುವ ಕೋಡ್, ಬರೆಯಿರಿ. ರೆಕಾರ್ಡ್‌ಗಳು ‘ಟ್ರಿಗರ್.ಓಲ್ಡ್’ನಲ್ಲಿ ಸಿಗುತ್ತವೆ, ಅಳಿಸುವಾಗ ‘ಟ್ರಿಗರ್.ನ್ಯೂ’ ಇರುವುದಿಲ್ಲ. ‘ಇಸ್‌ವನ್’ (ಡೀಲ್ ಗೆದ್ದಿದೆ ಅಂತ ತೋರಿಸುವ ಫೀಲ್ಡ್) ನಿಜವಾಗಿದ್ದರೆ, ಅಳಿಸುವುದನ್ನು ತಡೆಯುವ ‘ಆ್ಯಡ್‌ಎರರ್’ ಕರೆದು “ಗೆದ್ದ ಡೀಲ್ ಅಳಿಸುವಂತಿಲ್ಲ” ಅಂತ ಬರೆದರೆ ಮುಗಿಯಿತು. ಯಾವ ಡೀಲನ್ನೂ ಅಳಿಸುವ ಅಗತ್ಯವೇ ಇಲ್ಲದವರಿಗೆ ಇಷ್ಟೂ ಬೇಡ. ಪ್ರೊಫೈಲ್‌ನಲ್ಲಿ ಡಿಲೀಟ್ ಅನುಮತಿ ತೆಗೆಯಿರಿ, ಸಾಕು.

‘ಎಡಿಟ್’ ಓವರ್‌ರೈಡ್‌ಗೂ ಇದೇ ತೊಂದರೆ. ಫೀಲ್ಡ್ ಪಕ್ಕದ ಪೆನ್ಸಿಲ್ ಒತ್ತಿ ಅಲ್ಲೇ ತಿದ್ದುವವರು ನಿಮ್ಮ ಪುಟಕ್ಕೆ ಬರುವುದೇ ಇಲ್ಲ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಹೊಸ ಫಾರ್ಮ್ ಬೇಕಾಗಿರುವುದು ನಾಲ್ಕು ಫೀಲ್ಡ್ ಮೊದಲೇ ತುಂಬಿರಲಿ ಅಂತ ಮಾತ್ರವಾದರೆ, ಕೋಡ್ ಬರೆಯಬೇಡಿ. ಅಕೌಂಟ್ (ಗ್ರಾಹಕರ ರೆಕಾರ್ಡ್) ಮೇಲೆ ಒಂದು ಕ್ವಿಕ್ ಆ್ಯಕ್ಷನ್ (ಕೋಡ್ ಇಲ್ಲದೆ ಮಾಡುವ ಬಟನ್) ಮಾಡಿ, ಪ್ರಿಡಿಫೈನ್ಡ್ ಫೀಲ್ಡ್ ವ್ಯಾಲ್ಯೂ (ಮೊದಲೇ ತುಂಬಿರುವ ಮೌಲ್ಯ) ಕೊಡಿ, ರಿಲೇಟೆಡ್ ಲಿಸ್ಟ್‌ನಿಂದ (ಅಕೌಂಟ್ ಪುಟದಲ್ಲಿ ಅದರ ಡೀಲ್‌ಗಳ ಪಟ್ಟಿ) ಮಾಮೂಲಿ ‘ನ್ಯೂ’ ತೆಗೆದುಹಾಕಿ. ಅರ್ಧ ಗಂಟೆಯ ಕೆಲಸ. ನಿಮ್ಮ ನಂತರ ಬರುವವರಿಗೂ ಓದಲು ಕೋಡ್ ಇರುವುದಿಲ್ಲ.

ಆದರೂ ಓವರ್‌ರೈಡೇ ಬೇಕು ಅಂದರೆ, ಲೈವ್ ಮಾಡುವ ಮುಂಚೆ ಅಕೌಂಟ್ ಪುಟದ ರಿಲೇಟೆಡ್ ಲಿಸ್ಟ್‌ನಿಂದಲೂ ಒಮ್ಮೆ ‘ನ್ಯೂ’ ಒತ್ತಿ ನೋಡಿ. ಮಾಮೂಲಿ ಫಾರ್ಮ್‌ನಲ್ಲಿ ಅಕೌಂಟ್ ಹೆಸರು ತಾನಾಗೇ ಬರುತ್ತಿತ್ತು. ನಿಮ್ಮ ಫಾರ್ಮ್‌ನಲ್ಲಿ ಅದನ್ನು ನೀವೇ ತುಂಬಬೇಕು. ಜೊತೆಗೆ ಅಡ್ಮಿನ್ ಅಲ್ಲದ ಒಬ್ಬರ ಲಾಗಿನ್‌ನಲ್ಲೂ ಒತ್ತಿ ನೋಡಿ. ನನಗೆ ಆ ಬುದ್ಧಿ ತಡವಾಗಿ ಬಂತು.