ರೋಜಾ ದಿನಗಳಲ್ಲಿ ಶುಗರ್ ಮಾತ್ರೆ

ಪ್ರಶ್ನೆ: ಶಿರಾ ಪಟ್ಟಣದಲ್ಲಿ ಆಶಾ ಕಾರ್ಯಕರ್ತೆಯಾಗಿದ್ದೇನೆ. ನನ್ನ ಭಾಗದ ಮುಸ್ಲಿಂ ಮನೆಗಳಲ್ಲಿ ಶುಗರ್ ಇರುವ ಕೆಲವರು ರಂಜಾನ್ ಬಂತೆಂದರೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಬೆರಳು ಚುಚ್ಚಿದರೆ ರೋಜಾ ಮುರಿಯುತ್ತದೆಂದು ಪರೀಕ್ಷೆಗೂ ಒಪ್ಪುವುದಿಲ್ಲ. ಏನು ಮಾಡಲಿ?
– ಓದುಗರು, ಶಿರಾ

ಉತ್ತರ: ರಂಜಾನ್ ಶುರುವಾದ ಮೇಲೆ ಹೇಳಹೊರಟರೆ ತಡವಾಯಿತು. ಆರರಿಂದ ಎಂಟು ವಾರ ಮೊದಲೇ, ರಜಬ್ ತಿಂಗಳಲ್ಲೇ, ಯಾರು ರೋಜಾ ಹಿಡಿಯುತ್ತಾರೆಂದು ಕೇಳಿ ಬರೆದುಕೊಳ್ಳಿ. ‘ಹಿಡಿಯಲೇಬೇಡಿ’ ಎಂದು ಮಾತು ಶುರು ಮಾಡಬೇಡಿ. ಹಾಗೆ ಮಾಡಿದರೆ ನಿಮಗೆ ಹೇಳದೆ ಹಿಡಿಯುತ್ತಾರೆ, ಆಮೇಲೆ ತಲೆಸುತ್ತಿ ಬಿದ್ದರೂ ನಿಮಗೆ ಸುದ್ದಿ ಬರುವುದಿಲ್ಲ.

ಗರ್ಭಿಣಿಯರು, ಡಯಾಲಿಸಿಸ್‌ನಲ್ಲಿರುವವರು, ಚಿಕ್ಕಂದಿನಿಂದ ಇನ್ಸುಲಿನ್ ಮೇಲಿರುವವರು, ಹಿಂದಿನ ಮೂರು ತಿಂಗಳಲ್ಲಿ ಶುಗರ್ ಇಳಿದು ಎಚ್ಚರ ತಪ್ಪಿದವರು: ಇವರಿಗೆ ಉಪವಾಸ ತುಂಬಾ ಅಪಾಯ. ಅದನ್ನು ವೈದ್ಯರ ಬಾಯಿಂದಲೇ ಹೇಳಿಸಿ. ಉಳಿದವರನ್ನು ಮಾತ್ರೆ, ಚೀಟಿ ಸಮೇತ ವೈದ್ಯರ ಬಳಿ ಕಳಿಸಿ. ಮೆಟ್‌ಫಾರ್ಮಿನ್ ದಿನಕ್ಕೆ ಒಂದಾದರೆ ಸಾಮಾನ್ಯವಾಗಿ ಇಫ್ತಾರ್ (ಸಂಜೆ ರೋಜಾ ಬಿಡುವ) ಊಟದ ಜೊತೆ, ಎರಡಾದರೆ ಸಹರಿ (ನಸುಕಿನ ಊಟ) ಮತ್ತು ಇಫ್ತಾರ್‌ಗೆ ಹಂಚುತ್ತಾರೆ. ಗ್ಲಿಮೆಪಿರೈಡ್ ತೆಗೆದುಕೊಳ್ಳುವವರ ಮೇಲೆ ಹೆಚ್ಚು ನಿಗಾ ಇರಲಿ. ಊಟವಿಲ್ಲದಿದ್ದರೂ ಅದು ಶುಗರ್ ಇಳಿಸುತ್ತಲೇ ಇರುತ್ತದೆ, ಆದ್ದರಿಂದ ಪ್ರಮಾಣ ತಗ್ಗಿಸಬೇಕಾಗಬಹುದು. ಎಷ್ಟು ತಗ್ಗಿಸಬೇಕೆಂದು ವೈದ್ಯರೇ ತೀರ್ಮಾನಿಸಲಿ, ನೀವಾಗಿ ಹೇಳಬೇಡಿ.

ಬೆರಳು ಚುಚ್ಚಿ ಪರೀಕ್ಷಿಸುವುದರಿಂದ ರೋಜಾ ಮುರಿಯುವುದಿಲ್ಲವೆಂದು ಬಹುಪಾಲು ಧರ್ಮಗುರುಗಳು ಒಪ್ಪುತ್ತಾರೆ. ಆದರೆ ಅದನ್ನು ನೀವು ಹೇಳಿದರೆ ನಂಬುವುದು ಕಷ್ಟ. ಮಸೀದಿಯ ಇಮಾಮರನ್ನು ಮೊದಲೇ ಕಂಡು, ಶುಕ್ರವಾರದ ನಮಾಜಿನ ನಂತರ ಉರ್ದುವಿನಲ್ಲಿ ಎರಡು ಮಾತು ಹೇಳುವಂತೆ ಕೇಳಿಕೊಳ್ಳಿ. ಇಷ್ಟೊಂದು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಹೆಂಗಸರು ಮಸೀದಿಗೆ ಹೋಗದ ಕಡೆ ಅದೇ ಬೀದಿಯ ಉರ್ದು ಬಲ್ಲ ಹೆಣ್ಣುಮಗಳನ್ನು ಜೊತೆಗೆ ಕರೆದೊಯ್ಯಿರಿ.

ಶುಗರ್ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಆ ದಿನದ ರೋಜಾ ಬಿಡಲೇಬೇಕು. ಬೆವರು, ಕೈನಡುಕ, ಮಾತು ತೊದಲುವುದು ಕಂಡರೆ ಇಫ್ತಾರ್‌ಗೆ ಹತ್ತೇ ನಿಮಿಷ ಇದ್ದರೂ ಕಾಯಬಾರದು. ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಸಂಜೆಯ ಹೊತ್ತಿಗೆ ಈ ಅಪಾಯ ಹೆಚ್ಚು. ಇಫ್ತಾರ್ ಆದ ಮೇಲೆ ಉಲ್ಟಾ: ಶರಬತ್ತು, ಕರಿದ ಸಮೋಸ ಒಟ್ಟಿಗೆ ಹೊಟ್ಟೆಗೆ ಬಿದ್ದು ಶುಗರ್ ಏರುತ್ತದೆ. ಒಂದೋ ಎರಡೋ ಖರ್ಜೂರ, ನೀರು, ಸ್ವಲ್ಪ ಹೊತ್ತು ಬಿಟ್ಟು ಊಟ. ಸಹರಿ ತಪ್ಪಿಸಬಾರದು.

ಪ್ರಶ್ನೆ: ನಮ್ಮ ಲಂಬಾಣಿ ತಾಂಡಾದವರು ಎರಡು ಮೂರು ತಿಂಗಳು ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತಾರೆ. ಬಿಪಿ ಮಾತ್ರೆ ಅರ್ಧಕ್ಕೇ ಮುಗಿಯುತ್ತದೆ.
– ಓದುಗರು, ಪಾವಗಡ ತಾಲ್ಲೂಕು

ಉತ್ತರ: ಹೊರಡುವ ದಿನ ತಿಳಿದ ಕೂಡಲೇ ವೈದ್ಯಾಧಿಕಾರಿಗೆ ಹೇಳಿ, ಹೆಚ್ಚು ದಿನದ ಮಾತ್ರೆ ಬರೆಸಿ. ದಿನಕ್ಕೊಂದರಂತೆ 60 ದಿನಕ್ಕೆ ಹತ್ತು ಮಾತ್ರೆಯ ಆರು ಸ್ಟ್ರಿಪ್. ಚೀಟಿಯ ಫೋಟೊ ಮನೆಯ ಯಾರದಾದರೂ ಫೋನಿನಲ್ಲಿರಲಿ, ಬೆಂಗಳೂರಿನ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯದಲ್ಲಿ ಅದನ್ನು ತೋರಿಸಬಹುದು. ತಲೆನೋವಿಲ್ಲವೆಂದು ಮಾತ್ರೆ ಬಿಡುವವರೇ ಹೆಚ್ಚು. ನೋವಿಲ್ಲದೆಯೂ ಬಿಪಿ ಏರಿರುತ್ತದೆಂದು ಹೊರಡುವ ಮುನ್ನ ಲಂಬಾಣಿಗರ ಗೋರ್ ಭಾಷೆಯಲ್ಲೇ ತಿಳಿಸಿ. ಇನ್ಸುಲಿನ್ ಒಯ್ಯುವವರಿದ್ದರೆ ತಗಡಿನ ಶೆಡ್ಡಿನ ಬಿಸಿಗೆ ಅದು ಕೆಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯೊಳಗೆ ಇಡಲಿ.