ಉಲ್ಲೇಖವೂ ವಾದದ ಅಂಗ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಮಸ್ಕಾರ. ಹೊರಗಿನ ಜಗತ್ತು ನಮ್ಮ ಅರಿವಿನ ಆಚೆಗೂ ಇದೆಯೇ ಎಂಬ ಪ್ರಶ್ನೆಯನ್ನು ಶಂಕರರು ಮತ್ತು ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಎದುರಿಸಿದ ಬಗೆಯನ್ನು ಹೋಲಿಸಿ ನೀವು ನಮ್ಮ ಪತ್ರಿಕೆಗೆ ಕಳುಹಿಸಿದ ಲೇಖನವನ್ನು ಎರಡು ಸಲ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪರಿಶೀಲಕರಿಗೆ ಕಳುಹಿಸಲಾರೆ. ಆದರೆ ಇಬ್ಬರೂ ಎದುರಾಳಿ ಒಪ್ಪಿಕೊಂಡ ಅನುಭವವನ್ನೇ ಹಿಡಿದು ಅವನನ್ನು ಕಟ್ಟಿಹಾಕುತ್ತಾರೆ ಎಂದು ಮೂರನೆಯ ಭಾಗದಲ್ಲಿ ನೀವು ತೋರಿಸಿರುವುದು ಸೊಗಸಾಗಿದೆ. ಅದು ಅಚ್ಚಾಗಬೇಕೆಂಬ ಆಸೆ ನನಗಿರುವುದರಿಂದಲೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ. ಲೇಖನದ ಜೊತೆಗಿಟ್ಟ ಪತ್ರದಲ್ಲಿ, ಉಲ್ಲೇಖಗಳ ಮತ್ತು ಗ್ರಂಥಋಣದ ರೂಪವನ್ನು ಕೊನೆಯಲ್ಲಿ ಸರಿಪಡಿಸಿಕೊಂಡರಾಯಿತು ಎಂದಿದ್ದೀರಿ. ನನ್ನ ತಕರಾರು ಇರುವುದು ಆ ಮಾತಿನ ಬಗ್ಗೆಯೇ. ನಿಮ್ಮ ಲೇಖನದಲ್ಲಿ ಉಲ್ಲೇಖ ಎಲ್ಲೆಲ್ಲಿ ಸಡಿಲವಾಗಿದೆಯೋ ಅಲ್ಲೆಲ್ಲ ವಾದವೂ ಸಡಿಲವಾಗಿದೆ.

ಕಾಂಟನಿಂದಲೇ ಆರಂಭಿಸುತ್ತೇನೆ. ಹದಿನೇಳನೆಯ ಟಿಪ್ಪಣಿಯಲ್ಲಿ 'ಕಾಂಟ್ 1929, ಪು. 244' ಎಂದಷ್ಟೇ ಇದೆ. 1929 ಎಂಬುದು ಕಾಂಟನ 'ಕ್ರಿಟಿಕ್ ಆಫ್ ಪ್ಯೂರ್ ರೀಸನ್' ಗ್ರಂಥಕ್ಕೆ ನಾರ್ಮನ್ ಕೆಂಪ್ ಸ್ಮಿತ್ ಮಾಡಿದ ಇಂಗ್ಲಿಷ್ ಅನುವಾದ ಹೊರಬಂದ ವರ್ಷ. ಪಾಲ್ ಗೈಯರ್ ಮತ್ತು ಆಲನ್ ವುಡ್ ಅವರ 1998ರ ಅನುವಾದವನ್ನು ಕೈಯಲ್ಲಿಟ್ಟುಕೊಂಡವರು 244ನೆಯ ಪುಟ ತೆರೆದರೆ ನೀವು ಹೇಳುತ್ತಿರುವ ಮಾತು ಅಲ್ಲಿ ಸಿಗುವುದಿಲ್ಲ. ಜರ್ಮನ್ ಮೂಲವನ್ನು ಓದುವವರಿಗಂತೂ ಆ ಸಂಖ್ಯೆಯಿಂದ ಯಾವ ಉಪಯೋಗವೂ ಇಲ್ಲ. ಈ ತೊಡಕಿಗಾಗಿಯೇ ಆ ಗ್ರಂಥವನ್ನು ಉಲ್ಲೇಖಿಸುವವರು 1781ರ ಮೊದಲ ಆವೃತ್ತಿಯ ಪುಟವನ್ನು 'ಎ' ಎಂದೂ 1787ರ ಎರಡನೆಯ ಆವೃತ್ತಿಯ ಪುಟವನ್ನು 'ಬಿ' ಎಂದೂ ಗುರುತಿಸುತ್ತಾರೆ. ಈ ಸಂಖ್ಯೆಗಳು ನಿಮ್ಮ ಪ್ರತಿಯ ಅಂಚಿನಲ್ಲಿಯೇ ಅಚ್ಚಾಗಿವೆ.

ನನ್ನ ಪ್ರತಿಯನ್ನು ತೆರೆದು ನೋಡಿದೆ. ನೀವು ಎತ್ತಿಕೊಂಡ 'ಭಾವವಾದದ ಖಂಡನೆ' (ಹೊರಗಿನ ವಸ್ತುಗಳ ಇರವನ್ನು ಸಂಶಯಿಸುವ ಇಲ್ಲವೇ ನಿರಾಕರಿಸುವ ವಾದದ ಖಂಡನೆ) ಎಂಬ ಭಾಗ ಬಿ 274ರಿಂದ ಬಿ 279ರವರೆಗೆ ಇದೆ. ಅದರ ಪಕ್ಕದಲ್ಲಿ ಎ ಸಂಖ್ಯೆ ಇಲ್ಲ. ಅಂದರೆ ಆ ಭಾಗ 1781ರ ಪುಸ್ತಕದಲ್ಲಿ ಇರಲೇ ಇಲ್ಲ, ಆರು ವರ್ಷಗಳ ನಂತರ ಸೇರಿದ್ದು. ನೀವಾದರೋ, ಕಾಂಟ್ ಈ ಖಂಡನೆಯನ್ನು 1781ರಲ್ಲೇ ಮಂಡಿಸಿ 1783ರ 'ಪ್ರೊಲೆಗೋಮೆನಾ'ದಲ್ಲಿ ಅದನ್ನು ಮೆದುಗೊಳಿಸಿದ ಎಂದು ವಾದಿಸಿದ್ದೀರಿ. ಇನ್ನೂ ಬರೆಯದೇ ಇದ್ದುದನ್ನು ಅವನು ಮೆದುಗೊಳಿಸುವುದು ಹೇಗೆ? ಮೊದಲ ಆವೃತ್ತಿಯಲ್ಲಿ ಇದೇ ಪ್ರಶ್ನೆಗೆ ಅವನು ಕೊಟ್ಟ ಉತ್ತರ ನಾಲ್ಕನೆಯ ಪ್ಯಾರಾಲಾಜಿಸಂ (ತರ್ಕದೋಷ) ಎಂಬ ಭಾಗದಲ್ಲಿ, ಎ 367ರಿಂದ ಮುಂದಕ್ಕೆ ಇದೆ. 1782ರಲ್ಲಿ ಬಂದ ಒಂದು ವಿಮರ್ಶೆ ಕಾಂಟನನ್ನು, ವಸ್ತುಗಳ ಇರವು ಅರಿವಿನಲ್ಲಷ್ಟೇ ಎಂದ ಬರ್ಕ್ಲಿಯ ಸಾಲಿಗೆ ಸೇರಿಸಿತು. 'ಪ್ರೊಲೆಗೋಮೆನಾ' ಅದಕ್ಕೆ ಉತ್ತರ ಕೊಟ್ಟಿತು. ಖಂಡನೆ ಬಂದದ್ದು ಅದೆಲ್ಲದರ ನಂತರ. ಈ ಕ್ರಮದಲ್ಲಿಟ್ಟರೆ ನಿಮ್ಮ ಎರಡನೆಯ ಭಾಗವನ್ನು ಹೊಸದಾಗಿ ಬರೆಯಬೇಕಾಗುತ್ತದೆ, ನಿಜ. ಆದರೆ ಮೂರನೆಯ ಭಾಗ ಮೊದಲಿಗಿಂತ ಗಟ್ಟಿಯಾಗುತ್ತದೆ, ಏಕೆಂದರೆ ಭಾವವಾದ ಹೂಡಿದ ಆಟವನ್ನು ಅದರ ಮೇಲೆಯೇ ತಿರುಗಿಸಿದ್ದೇನೆ ಎಂಬರ್ಥದ ಮಾತನ್ನು ಕಾಂಟ್ ಸ್ವತಃ ಬಿ 276ರಲ್ಲಿ ಆಡುತ್ತಾನೆ. ಅಂಚಿನ ಒಂದು ಅಕ್ಷರವನ್ನು ಗಮನಿಸಿದ್ದರೆ ಇದೆಲ್ಲ ನಿಮಗೇ ಕಾಣುತ್ತಿತ್ತು.

ಶಂಕರರ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ಕಳವಳವಾಯಿತು. ಬ್ರಹ್ಮಸೂತ್ರ 2.2.28ನ್ನು ನೀವು ಕನ್ನಡದಲ್ಲಿ ಹೀಗೆ ಕೊಟ್ಟಿದ್ದೀರಿ: 'ಬಾಹ್ಯ ವಸ್ತುಗಳ ಅಭಾವವನ್ನು ಒಪ್ಪಲಾಗದು, ಅವುಗಳ ಅರಿವು ನಮಗಿರುವುದರಿಂದ.' ಸೂತ್ರದಲ್ಲಿ ಇರುವುದು 'ನಾಭಾವ ಉಪಲಬ್ಧೇಃ' ಎಂದಷ್ಟೇ: ಅಭಾವವಿಲ್ಲ, ಉಪಲಬ್ಧಿ (ಅರಿವು) ಇರುವುದರಿಂದ. 'ಬಾಹ್ಯ ವಸ್ತುಗಳ', 'ಅವುಗಳ', 'ನಮಗೆ' ಎಂಬ ಮೂರು ಮಾತುಗಳೂ ಜಾರ್ಜ್ ಥೀಬೋ ಅವರು 1890ರ ಇಂಗ್ಲಿಷ್ ಅನುವಾದದಲ್ಲಿ ಶಂಕರರ ಭಾಷ್ಯವನ್ನು ಅನುಸರಿಸಿ ಆವರಣದೊಳಗೆ ಸೇರಿಸಿದವು. ನಿಮ್ಮ ಕನ್ನಡದಲ್ಲಿ ಆವರಣ ಬಿದ್ದುಹೋಗಿದೆ. ಟಿಪ್ಪಣಿಯಲ್ಲಿ ಥೀಬೋ ಹೆಸರೂ ಇಲ್ಲ, ಸಂಸ್ಕೃತ ಮೂಲದ ಮುದ್ರಣವೊಂದರ ಹೆಸರು ಮಾತ್ರ ಇದೆ. ಯಾವುದರ ಅಭಾವವನ್ನು ಇಲ್ಲಿ ನಿರಾಕರಿಸಲಾಗುತ್ತಿದೆ ಎಂಬುದನ್ನು ನಿರ್ಧರಿಸುವುದು ಭಾಷ್ಯಕಾರನ ಕೆಲಸ. ಅವನು ವಾದಿಸಿ ಪಡೆದದ್ದನ್ನು ನೀವು ಸೂತ್ರಕಾರನ ಬಾಯಲ್ಲೇ ಇಟ್ಟಿದ್ದೀರಿ. ಇಂಗ್ಲಿಷ್ ಅನುವಾದದ ಮೂಲಕ ಓದುವುದು ತಪ್ಪಲ್ಲ. ನಮ್ಮಲ್ಲಿ ಬಹಳಷ್ಟು ಜನ ಹಾಗೆಯೇ ಓದುತ್ತೇವೆ. ಹಾಗೆ ಓದಿದ್ದನ್ನು ಹಾಗೆಯೇ ಹೇಳಬೇಕು: ಮೂಲವನ್ನು ನೋಡಿದ್ದರೆ ಮೂಲ, ಥೀಬೋ ಮೂಲಕವಾದರೆ ಥೀಬೋ, ಎಂ. ಹಿರಿಯಣ್ಣನವರ 1932ರ ಪುಸ್ತಕದಲ್ಲಿ ಕಂಡ ಉದ್ಧರಣೆಯಾದರೆ 'ಹಿರಿಯಣ್ಣನವರಲ್ಲಿ ಉದ್ಧೃತ' ಎಂದು.

ಅದೇ ಭಾಷ್ಯಭಾಗದಿಂದ ನೀವು 'ಯದಂತರ್ಜ್ಞೇಯರೂಪಂ ತದ್ಬಹಿರ್ವದವಭಾಸತೇ' ಎಂಬ ಸಾಲನ್ನು ತೆಗೆದುಕೊಂಡು, ಒಳಗಿರುವ ಜ್ಞೇಯವೇ ಹೊರಗಿರುವಂತೆ ತೋರುತ್ತದೆ ಎಂಬುದು ಶಂಕರರ ಅಭಿಪ್ರಾಯ ಎಂದು ಬರೆದಿದ್ದೀರಿ. ಆ ಸಾಲು ಅವರದಲ್ಲ. ಅದು ಬೌದ್ಧ ತಾರ್ಕಿಕ ದಿಙ್ನಾಗನ 'ಆಲಂಬನಪರೀಕ್ಷಾ' ಗ್ರಂಥದ್ದು. ಶಂಕರರು ಅದನ್ನು ಎತ್ತಿಕೊಂಡಿರುವುದು ಖಂಡಿಸುವುದಕ್ಕಾಗಿ. ಹೊರಗೆಂಬುದೇ ಇಲ್ಲದಿದ್ದರೆ 'ಹೊರಗಿರುವಂತೆ' ಎಂಬ ಹೋಲಿಕೆ ಎಲ್ಲಿಂದ ಬಂತು, ವಿಷ್ಣುಮಿತ್ರ ಬಂಜೆಯ ಮಗನಂತೆ ಕಾಣುತ್ತಾನೆ ಎಂದು ಯಾರಾದರೂ ಹೇಳುತ್ತಾರೆಯೇ ಎಂದು ಮರುಕ್ಷಣದಲ್ಲೇ ಅವರು ಕೇಳುತ್ತಾರೆ. ಭಾಷ್ಯದಿಂದ ಉದ್ಧರಿಸುವಾಗ ಸಂಖ್ಯೆ ಕೊಟ್ಟರೆ ಸಾಲದು. ಅದು ಪೂರ್ವಪಕ್ಷದ (ಎದುರಾಳಿಯ) ಮಾತೋ ಸಿದ್ಧಾಂತದ (ಭಾಷ್ಯಕಾರನ ಸ್ವಂತ ನಿಲುವಿನ) ಮಾತೋ, ಅದರೊಳಗೆ ಇನ್ನೊಬ್ಬರ ಮಾತು ಅಡಗಿದೆಯೋ ಎಂಬುದನ್ನೂ ಟಿಪ್ಪಣಿ ಹೇಳಬೇಕು. ವಿದೇಶಿ ಕೈಪಿಡಿಗಳಲ್ಲಿ ಇದಕ್ಕೆ ನಿಯಮ ಹುಡುಕಬೇಡಿ, ನಮ್ಮ ಶಾಸ್ತ್ರಗ್ರಂಥಗಳು ಬರೆದಿರುವ ರೀತಿಯೇ ಇದನ್ನು ಬೇಡುತ್ತದೆ. ಸೂತ್ರಗಳ ಎಣಿಕೆಯೂ ಭಾಷ್ಯದಿಂದ ಭಾಷ್ಯಕ್ಕೆ ಬದಲಾಗುವುದರಿಂದ, ಸಂಖ್ಯೆ ಯಾರ ಭಾಷ್ಯವನ್ನು ಅನುಸರಿಸಿದೆ ಎಂಬುದನ್ನು ಮೊದಲ ಟಿಪ್ಪಣಿಯಲ್ಲೇ ತಿಳಿಸಿಬಿಡಿ.

ಪ್ಲೇಟೋನ ಗುಹೆಯ ದೃಷ್ಟಾಂತ ಒಂದೇ ಕಡೆ ಬರುತ್ತದೆ. ಅಲ್ಲಿ ಅನುವಾದದ ಪುಟಸಂಖ್ಯೆಯನ್ನು ತೆಗೆದು 'ರಿಪಬ್ಲಿಕ್ 514ಎ' ಎಂದು ಹಾಕಿ. ಅದು ಆನ್ರಿ ಎಸ್ತಿಯೆನ್ 1578ರಲ್ಲಿ ಅಚ್ಚುಹಾಕಿದ ಆವೃತ್ತಿಯ ಪುಟಸಂಖ್ಯೆ; ಇಲ್ಲಿನ 'ಎ' ಆ ಪುಟದ ಒಂದು ಭಾಗದ ಗುರುತು. ಜಗತ್ತಿನ ಯಾವ ಭಾಷೆಯ ಒಳ್ಳೆಯ ಅನುವಾದದಲ್ಲೂ ಓದುಗರು ಅದನ್ನು ಹಿಡಿದು ಆ ಸಾಲಿಗೆ ಬರಬಲ್ಲರು. ಅರಿಸ್ಟಾಟಲ್‌ಗೆ ಬೆಕರ್ ಆವೃತ್ತಿಯ ಪುಟಸಂಖ್ಯೆ ಇದ್ದಂತೆ ಇದು.

ಟಿಪ್ಪಣಿಗಳಲ್ಲಿ ನೀವು ಇಪ್ಪತ್ತಮೂರು ಕಡೆ 'ಅದೇ, ಪು.' ಎಂದು ಬಳಸಿದ್ದೀರಿ. ಹದಿನೆಂಟನೆಯ ಟಿಪ್ಪಣಿಯನ್ನು ಆಮೇಲೆ ನಡುವೆ ಸೇರಿಸಿರಬೇಕು, ಏಕೆಂದರೆ ಹತ್ತೊಂಬತ್ತನೆಯ 'ಅದೇ' ಈಗ ಕಾಂಟನನ್ನು ಬಿಟ್ಟು ಹಿರಿಯಣ್ಣನವರನ್ನು ತೋರಿಸುತ್ತಿದೆ. 'ಅದೇ' ಮತ್ತು 'ಪೂರ್ವೋಕ್ತ' ಎರಡನ್ನೂ ಕೈಬಿಟ್ಟು, ಲೇಖಕರ ಹೆಸರು ಮತ್ತು ಗ್ರಂಥದ ಚಿಕ್ಕ ಹೆಸರನ್ನು ಪ್ರತಿ ಸಲವೂ ಬರೆಯಿರಿ. ಉಲ್ಲೇಖಕ್ರಮಕ್ಕೆ ಹೆಸರಾದ ಶಿಕಾಗೊ ಕೈಪಿಡಿ ಕೂಡ 2017ರ ಆವೃತ್ತಿಯಿಂದ ಈ ಕ್ರಮವನ್ನೇ ಮೆಚ್ಚುತ್ತದೆ.

ಗ್ರಂಥಋಣದಲ್ಲಿ 'ಆಚಾರ್ಯ, ಶಂಕರ' ಎಂಬ ನಮೂದನ್ನು ಕಂಡು ನೊಂದುಕೊಂಡೆ. ಉಲ್ಲೇಖಗಳನ್ನು ಜೋಡಿಸುವ ತಂತ್ರಾಂಶ ಕೊನೆಯ ಪದವನ್ನು ಮನೆತನದ ಹೆಸರೆಂದು ತಿಳಿದು ಮುಂದಕ್ಕೆ ತಂದಿದೆ. ನೀವು ಅದನ್ನು ಕಣ್ಣಾಡಿಸಿ ನೋಡಿಲ್ಲ. ಶಂಕರರು 'ಶ'ಕಾರದಲ್ಲೇ ಇರಲಿ, ಸಂಪಾದಕರ ಮತ್ತು ಅನುವಾದಕರ ಹೆಸರುಗಳು ಗ್ರಂಥದ ಹೆಸರಿನ ನಂತರ ಬರಲಿ. 'ಹಿರಿಯಣ್ಣ, ಎಂ.' ಸರಿಯಾಗಿದೆ. ಕಾಂಟನ ಹೆಸರಿನ ಮುಂದೆ 1929 ಮಾತ್ರ ಇದ್ದರೆ ಹೊಸ ಓದುಗ ಅವನನ್ನು ಇಪ್ಪತ್ತನೆಯ ಶತಮಾನದವನೆಂದು ತಿಳಿದಾನು, ಆದ್ದರಿಂದ 1781/1787 ಎಂಬುದನ್ನು ಚೌಕ ಕಂಸದಲ್ಲಿ ಕೊಡಿ. ಲೇಖನದಲ್ಲಿ ಎಲ್ಲೂ ಬಳಸದ ಹದಿನಾಲ್ಕು ಪುಸ್ತಕಗಳು ಪಟ್ಟಿಯಲ್ಲಿವೆ. ಅವನ್ನು ತೆಗೆದುಹಾಕಿ. ಕಡತವನ್ನು ಯೂನಿಕೋಡ್‌ನಲ್ಲೇ ಕಳುಹಿಸಿ. ಹಳೆಯ ಅಕ್ಷರಶೈಲಿಯಿಂದ ಪರಿವರ್ತಿಸಿದಾಗ ಸಂಸ್ಕೃತ ಉದ್ಧರಣೆಗಳಲ್ಲಿ ಅರ್ಕಾವೊತ್ತುಗಳು ಸ್ಥಾನ ತಪ್ಪಿವೆ.

ಎಲ್ಲವನ್ನೂ ಒಟ್ಟಿಗೆ ಮಾಡಲು ಹೊರಡಬೇಡಿ. ಮೊದಲು 2.2.28ರ ಭಾಷ್ಯವನ್ನು ಸಂಸ್ಕೃತ ಬಲ್ಲವರೊಬ್ಬರ ಜೊತೆ ಕುಳಿತು ಸಾಲುಸಾಲಾಗಿ ಓದಿ, ಯಾವ ಮಾತು ಯಾರದು ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಎ 367 ಮತ್ತು ಬಿ 274ನ್ನು ಅಕ್ಕಪಕ್ಕ ಇಟ್ಟುಕೊಂಡು ಎರಡನೆಯ ಭಾಗವನ್ನು ಬರೆಯಿರಿ. ಟಿಪ್ಪಣಿಗಳನ್ನು ಬರೆಯುತ್ತ ಬರೆಯುತ್ತಲೇ ಹಾಕಿ. ತಿದ್ದಿದ ಪ್ರತಿ ಕೈಸೇರಿದ ಮೇಲೆ ಪ್ರತಿಯೊಂದು ಉದ್ಧರಣೆಯನ್ನೂ ನಾನೇ ಮೂಲದೊಂದಿಗೆ ತಾಳೆ ನೋಡಿ, ಅದೇ ವಾರ ಪರಿಶೀಲಕರಿಗೆ ಕಳುಹಿಸುತ್ತೇನೆ.

ಇಂತಿ,
ಸಂಪಾದಕ