ಡಿಎನ್‌ಎ ಒಂದೇ ಆದರೂ ಜೀವಕೋಶಗಳು ಬೇರೆಬೇರೆಯಾಗುವುದು ಹೇಗೆ? ಅದನ್ನು ಕಣ್ಣಾರೆ ಕಾಣಲು ಸಾಧ್ಯವೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ದೇಹದ ಎಲ್ಲ ಜೀವಕೋಶಗಳಲ್ಲೂ ಒಂದೇ ಡಿಎನ್‌ಎ ಇರುವಾಗ ಕಣ್ಣಿನ ಕೋಶವು ಯಕೃತ್ತಿನ ಕೋಶಕ್ಕಿಂತ ಬೇರೆಯಾಗುವುದು ಹೇಗೆ ಎಂಬುದು ಮೊದಲನೆಯದು. ಯಾವ ವಂಶವಾಹಿ ಎಲ್ಲಿ, ಯಾವಾಗ ಕೆಲಸ ಮಾಡುತ್ತಿದೆ ಎಂಬುದನ್ನು ಬದುಕಿರುವ ಪ್ರಾಣಿಯಲ್ಲೇ ನೋಡಬಹುದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಚಿಕ್ಕ ಉತ್ತರವೆಂದರೆ, ಎರಡೂ ಕೋಶಗಳಲ್ಲಿ ವಂಶವಾಹಿಗಳ ಸಂಗ್ರಹ ಒಂದೇ ಆಗಿದ್ದರೂ ಅವುಗಳಲ್ಲಿ ಯಾವುದರಿಂದ ಆರ್‌ಎನ್‌ಎ (ವಂಶವಾಹಿಯ ನಕಲು; ಸಾಮಾನ್ಯವಾಗಿ ಇದನ್ನು ಓದಿಯೇ ಕೋಶ ಪ್ರೋಟೀನನ್ನು ಕಟ್ಟುತ್ತದೆ) ತಯಾರಾಗಬೇಕು, ಎಷ್ಟು ತಯಾರಾಗಬೇಕು ಎಂಬುದು ಕೋಶದಿಂದ ಕೋಶಕ್ಕೆ ಬದಲಾಗುತ್ತದೆ. ಎರಡನೆಯದಕ್ಕೆ ಉತ್ತರ ಹೌದು, ನೋಡಬಹುದು. ಆದರೆ ಪ್ರತಿಯೊಂದು ವಿಧಾನವೂ ವಂಶವಾಹಿಯ ಕೆಲಸದ ಒಂದು ಮಗ್ಗುಲನ್ನು ಮಾತ್ರ ತೋರಿಸುತ್ತದೆ, ಮತ್ತು ಯಾವ ಮಗ್ಗುಲು ಎಂಬುದನ್ನು ಮರೆತಾಗಲೇ ಹೆಚ್ಚಿನ ತಪ್ಪು ತೀರ್ಮಾನಗಳು ಹುಟ್ಟುತ್ತವೆ. ನಾನು ಹಣ್ಣುನೊಣಗಳ ಮೇಲೆ ಕೆಲಸ ಮಾಡುವವನಾದ್ದರಿಂದ ಉದಾಹರಣೆಗಳನ್ನು ಹೆಚ್ಚಾಗಿ ಅಲ್ಲಿಂದಲೇ ಕೊಡುತ್ತೇನೆ.

ಎಲ್ಲ ಕೋಶಗಳಲ್ಲೂ ಡಿಎನ್‌ಎ ಒಂದೇ ಎಂಬ ಮಾತನ್ನು ನಾವು ಇಂದು ಸಹಜವಾಗಿ ಒಪ್ಪುತ್ತೇವೆ. ಒಂದು ಕಾಲದಲ್ಲಿ ಅದು ಸಹಜವಾಗಿರಲಿಲ್ಲ. ಕೋಶವೊಂದು ತನ್ನ ಕಸುಬನ್ನು ಆರಿಸಿಕೊಂಡ ಮೇಲೆ ತನಗೆ ಬೇಡದ ವಂಶವಾಹಿಗಳನ್ನು ಕಳೆದುಕೊಳ್ಳುತ್ತದೆ ಎಂಬ ಊಹೆಗೂ ಅಷ್ಟೇ ಬೆಲೆಯಿತ್ತು. ಜಾನ್ ಗರ್ಡನ್ 1962ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗೊದಮೊಟ್ಟೆಯ ಕರುಳಿನ ಕೋಶದಿಂದ ಕೋಶಕೇಂದ್ರವನ್ನು ತೆಗೆದು, ಸ್ವಂತ ಕೋಶಕೇಂದ್ರವನ್ನು ನಾಶಪಡಿಸಿದ ಕಪ್ಪೆಯ ಮೊಟ್ಟೆಯೊಳಗೆ ಇಟ್ಟರು. ಅಂಥ ಮೊಟ್ಟೆಗಳಲ್ಲಿ ಕೆಲವಷ್ಟೇ ಬೆಳೆದವು, ಆದರೆ ಬೆಳೆದವುಗಳಲ್ಲಿ ಕಣ್ಣು, ಚರ್ಮ, ಸ್ನಾಯು ಎಲ್ಲವೂ ಇದ್ದವು. ಅಂದರೆ ಕರುಳಿನ ಕೋಶದಲ್ಲಿ ಕಣ್ಣನ್ನು ರೂಪಿಸುವ ಮಾಹಿತಿ ಮೌನವಾಗಿ ಉಳಿದೇ ಇತ್ತು. ಅಪವಾದಗಳಿವೆ ಎಂಬುದನ್ನೂ ಹೇಳಬೇಕು. ನಮ್ಮ ಕೆಂಪು ರಕ್ತಕಣಗಳು ಕೋಶಕೇಂದ್ರವನ್ನೇ ಹೊರಹಾಕುತ್ತವೆ, ಪ್ರತಿಕಾಯಗಳನ್ನು ತಯಾರಿಸುವ ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎಯ ಕೆಲವು ತುಣುಕುಗಳನ್ನು ಕತ್ತರಿಸಿ ಜೋಡಿಸಿಕೊಳ್ಳುತ್ತವೆ. ನಿಮ್ಮ ಪ್ರಶ್ನೆಗೆ ಈ ಅಪವಾದಗಳು ಅಡ್ಡಿಯಾಗುವುದಿಲ್ಲ.

ಹಾಗಾದರೆ ಆಯ್ಕೆ ನಡೆಯುವುದು ಎಲ್ಲಿ? ವಂಶವಾಹಿಯೊಂದರ ಆಸುಪಾಸಿನಲ್ಲಿ, ಕೆಲವೊಮ್ಮೆ ಸಾವಿರಾರು ಅಕ್ಷರಗಳಷ್ಟು (ಅಕ್ಷರವೆಂದರೆ ಡಿಎನ್‌ಎ ಎಳೆಯ ಒಂದೊಂದು ಘಟಕ) ದೂರದಲ್ಲಿ, ಪ್ರೋಟೀನಿನ ಸಂಕೇತವಲ್ಲದ ಡಿಎನ್‌ಎ ತುಣುಕುಗಳಿರುತ್ತವೆ. ಇವುಗಳನ್ನು ಎನ್‌ಹ್ಯಾನ್ಸರ್‌ಗಳೆಂದು ಕರೆಯುತ್ತಾರೆ. ಕೆಲವು ವಿಶೇಷ ಪ್ರೋಟೀನುಗಳು ಬಂದು ಇವುಗಳ ಮೇಲೆ ಕೂರುತ್ತವೆ; ಕೆಲವು ಆರ್‌ಎನ್‌ಎ ತಯಾರಿಕೆಗೆ ಉತ್ತೇಜನ ಕೊಡುತ್ತವೆ, ಕೆಲವು ತಡೆಯುತ್ತವೆ. ಇದರ ಅತ್ಯಂತ ಸೊಗಸಾದ ಉದಾಹರಣೆ, ನನ್ನ ಮಟ್ಟಿಗೆ, ಹಣ್ಣುನೊಣದ ಈವನ್ ಸ್ಕಿಪ್ಡ್ ಎಂಬ ವಂಶವಾಹಿ. ಮೊಟ್ಟೆ ಇಟ್ಟ ಮೂರು ಗಂಟೆಗಳ ಹೊತ್ತಿಗೆ ಅರ್ಧ ಮಿಲಿಮೀಟರ್ ಉದ್ದದ ಭ್ರೂಣದಲ್ಲಿ ಸುಮಾರು 6,000 ಕೋಶಕೇಂದ್ರಗಳಿರುತ್ತವೆ, ಮತ್ತು ಈ ವಂಶವಾಹಿ ಅವುಗಳಲ್ಲಿ ಏಳು ಅಡ್ಡಪಟ್ಟೆಗಳಾಗಿ ಮಾತ್ರ ಸಕ್ರಿಯವಾಗಿರುತ್ತದೆ. ನೋಡಿದವರಿಗೆ ಒಂದೇ ನಿಯಮ ಏಳು ಪಟ್ಟೆಗಳನ್ನೂ ಎಳೆದಿರಬೇಕು ಎನ್ನಿಸುತ್ತದೆ, ಆದರೆ ವಾಸ್ತವದಲ್ಲಿ ಅದರ ಹಿಂದೆ ಐದು ಬೇರೆಬೇರೆ ಎನ್‌ಹ್ಯಾನ್ಸರ್‌ಗಳು ಕೆಲಸ ಮಾಡುತ್ತವೆ.

ಎರಡನೆಯ ಪಟ್ಟೆಯದನ್ನಷ್ಟೇ ನೋಡೋಣ. ಅದು ಸುಮಾರು 500 ಅಕ್ಷರಗಳ ಒಂದು ತುಣುಕು. ಬೈಕಾಯ್ಡ್ ಎಂಬ ಪ್ರೋಟೀನು ಭ್ರೂಣದ ತಲೆಯ ತುದಿಯಲ್ಲಿ ದಟ್ಟವಾಗಿದ್ದು ಬಾಲದ ಕಡೆಗೆ ಹೋದಂತೆ ತೆಳುವಾಗುತ್ತದೆ, ಏಕೆಂದರೆ ಅದರ ಆರ್‌ಎನ್‌ಎಯನ್ನು ತಾಯಿನೊಣವೇ ಮೊಟ್ಟೆಯ ಮುಂದಿನ ತುದಿಯಲ್ಲಿ ಇಟ್ಟಿರುತ್ತದೆ. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಎಂಬ ಇನ್ನೊಂದು ಪ್ರೋಟೀನು ಈ ತುಣುಕಿಗೆ ಉತ್ತೇಜನ ಕೊಡುತ್ತವೆ, ಆದ್ದರಿಂದ ಭ್ರೂಣದ ಮುಂಭಾಗವೆಲ್ಲ ಸಕ್ರಿಯವಾಗಲು ಸಿದ್ಧವಾಗಿರುತ್ತದೆ. ಆದರೆ ಪಟ್ಟೆಯ ಮುಂದಿನ ಗಡಿಯಲ್ಲಿ ಜೈಂಟ್ ಎಂಬ ಪ್ರೋಟೀನೂ ಹಿಂದಿನ ಗಡಿಯಲ್ಲಿ ಕ್ರೂಪಲ್ ಎಂಬ ಪ್ರೋಟೀನೂ ಅದೇ ತುಣುಕಿನ ಮೇಲೆ ಕುಳಿತು ಕೆಲಸವನ್ನು ತಡೆಯುತ್ತವೆ, ಮತ್ತು ಇವೆರಡರ ನಡುವೆ ಉಳಿಯುವ ಕಿರಿದಾದ ಜಾಗದಲ್ಲಿ ಪಟ್ಟೆ ಮೂಡುತ್ತದೆ. ಜೈಂಟ್ ಕೂರುವ ಜಾಗಗಳನ್ನು ಅಳಿಸಿದರೆ ಪಟ್ಟೆ ಮುಂದಕ್ಕೆ ಹರಡಿಕೊಳ್ಳುತ್ತದೆ. ಅಲ್ಲಿ ಪಟ್ಟೆ ಮೂಡಲಿ ಎಂದು ಆಜ್ಞೆ ಕೊಡುವ ಯಜಮಾನ ಯಾರೂ ಇಲ್ಲ. ಪ್ರತಿಯೊಂದು ಕೋಶಕೇಂದ್ರವೂ ತನ್ನ ಸುತ್ತ ಯಾವ ಪ್ರೋಟೀನು ಎಷ್ಟಿದೆ ಎಂಬುದಕ್ಕೆ ಪ್ರತಿಕ್ರಿಯಿಸುತ್ತದೆ ಅಷ್ಟೇ. ನಿಮ್ಮ ಕಣ್ಣು ಮತ್ತು ಯಕೃತ್ತಿನ ವ್ಯತ್ಯಾಸವೂ ಮೂಲದಲ್ಲಿ ಇಂಥದೇ ನಿರ್ಧಾರಗಳು ಒಂದರ ಮೇಲೊಂದು ಸೇರುತ್ತ ಬಂದುದರ ಫಲ, ಆದರೆ ಅಲ್ಲಿ ಹಂತಗಳು ಬಹಳ ಹೆಚ್ಚು.

ಇನ್ನು ನೋಡುವ ಮಾತು. ಅದರ ಮೊದಲ ಅವಕಾಶವನ್ನು ಕೊಟ್ಟದ್ದು ನೊಣದ ಮರಿಹುಳುವಿನ ಜೊಲ್ಲುಗ್ರಂಥಿ. ಅಲ್ಲಿನ ಕೋಶಗಳು ವಿಭಜನೆಯಾಗದೆಯೇ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡಿಕೊಳ್ಳುತ್ತವೆ, ಸುಮಾರು ಸಾವಿರ ಪ್ರತಿಗಳು ಒತ್ತೊತ್ತಾಗಿ ನಿಂತು ದೈತ್ಯ ವರ್ಣತಂತುವಾಗುತ್ತವೆ, ಮತ್ತು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಅದರ ಪಟ್ಟಿಗಳು ಕಾಣುತ್ತವೆ. ಆರ್‌ಎನ್‌ಎ ಬಿರುಸಾಗಿ ತಯಾರಾಗುವ ಕಡೆಯಲ್ಲಿ ವರ್ಣತಂತು ಸಡಿಲಗೊಂಡು ಉಬ್ಬುತ್ತದೆ, ಅದೇ ಪಫ್. ಇಟಲಿಯ ಫೆರುಚಿಯೊ ರಿತೋಸ್ಸಾ ಅವರ ಪ್ರಯೋಗಾಲಯದಲ್ಲಿ ಯಾರೋ ನೊಣಗಳ ಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟಾಗ ಎಂದಿನ ಉಬ್ಬುಗಳ ಬದಲು ಹೊಸ ಜಾಗಗಳಲ್ಲಿ ಉಬ್ಬುಗಳು ಎದ್ದವು, ಮತ್ತು ಅವರು ಅದನ್ನು ಉಪೇಕ್ಷಿಸದೆ 1962ರಲ್ಲಿ ಪ್ರಕಟಿಸಿದರು. ಶಾಖಕ್ಕೆ ಉತ್ತರವಾಗಿ ಕೆಲವು ವಂಶವಾಹಿಗಳು ನಿಮಿಷಗಳಲ್ಲೇ ಎಚ್ಚರಗೊಳ್ಳುತ್ತವೆ ಎಂಬ ಸಂಗತಿ ಹೀಗೆ ತಿಳಿಯಿತು, ಅವುಗಳಿಂದ ಬರುವ ಹೀಟ್ ಶಾಕ್ ಪ್ರೋಟೀನುಗಳು ಗೊತ್ತಾಗಲು ಇನ್ನೂ ಹನ್ನೆರಡು ವರ್ಷ ಹಿಡಿಯಿತು. ಆ ಉಬ್ಬುಗಳಲ್ಲಿ 93ಡಿ ಎಂಬ ಜಾಗದ ಉಬ್ಬು ನನಗೆ ವಿಶೇಷ ಆಸಕ್ತಿಯದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸುಭಾಷ್ ಚಂದ್ರ ಲಖೋಟಿಯಾ ಅವರು ದಶಕಗಳ ಕಾಲ ಅಧ್ಯಯನ ಮಾಡಿದ ಅಲ್ಲಿನ ವಂಶವಾಹಿ ಆರ್‌ಎನ್‌ಎಯನ್ನು ಹೇರಳವಾಗಿ ತಯಾರಿಸುತ್ತದೆ, ಆದರೆ ಅದರ ಮುಖ್ಯ ಕೆಲಸವನ್ನು ಮಾಡುವುದು ಆ ಆರ್‌ಎನ್‌ಎಯೇ ಹೊರತು ಅದರಿಂದ ಹುಟ್ಟುವ ಪ್ರೋಟೀನಲ್ಲ. ವಂಶವಾಹಿ ಎಂದರೆ ಪ್ರೋಟೀನಿನ ಸೂತ್ರ ಎಂದು ಪಠ್ಯಪುಸ್ತಕದಲ್ಲಿ ಓದಿದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ.

ಅಂಥ ದೈತ್ಯ ವರ್ಣತಂತುಗಳು ಎಲ್ಲ ಅಂಗಗಳಲ್ಲೂ ಇರುವುದಿಲ್ಲ. ಬೇರೆ ಅಂಗಾಂಶಗಳಲ್ಲಿ ನಿರ್ದಿಷ್ಟ ಆರ್‌ಎನ್‌ಎಯನ್ನು ಹುಡುಕಲು ಅದಕ್ಕೆ ಪೂರಕವಾದ ಅಕ್ಷರಗಳ ಎಳೆಯನ್ನು ತಯಾರಿಸಿ, ಅದಕ್ಕೆ ಬಣ್ಣ ಬರುವ ಗುರುತು ಅಂಟಿಸಿ, ಅಂಗಾಂಶದೊಳಗೆ ಬಿಡುತ್ತಾರೆ. ಅದು ತನ್ನ ಜೋಡಿ ಸಿಕ್ಕ ಕಡೆ ಅಂಟಿಕೊಳ್ಳುತ್ತದೆ. ಇದು ಬಹಳ ನಂಬಿಕೆಗೆ ಅರ್ಹವಾದ ವಿಧಾನವೇ ಆದರೂ ಇದಕ್ಕಾಗಿ ಭ್ರೂಣವನ್ನು ರಾಸಾಯನಿಕದಲ್ಲಿ ಸ್ಥಿರಗೊಳಿಸಬೇಕಾಗುತ್ತದೆ. ಅಂದರೆ ಅದು ಸತ್ತಿರುತ್ತದೆ, ಮತ್ತು ನಿಮಗೆ ಸಿಗುವುದು ಒಂದು ಕ್ಷಣದ ಚಿತ್ರ.

ಬದುಕಿರುವಾಗಲೇ ನೋಡಲು ಬೇಕಾದದ್ದು ಸಿಕ್ಕಿದ್ದು ಒಂದು ಜೆಲ್ಲಿಮೀನಿನಿಂದ. ಒಸಾಮು ಶಿಮೊಮುರಾ ಅದರ ಹಸಿರು ಹೊಳಪಿನ ಪ್ರೋಟೀನನ್ನು 1962ರಲ್ಲಿ ಗುರುತಿಸಿದರು, ಡಗ್ಲಸ್ ಪ್ರಾಷರ್ ಅದರ ವಂಶವಾಹಿಯನ್ನು ಬೇರ್ಪಡಿಸಿ 1992ರಲ್ಲಿ ಪ್ರಕಟಿಸಿದರು, ಮಾರ್ಟಿನ್ ಚಾಲ್ಫಿ 1994ರಲ್ಲಿ ಅದನ್ನು ಒಂದು ಪುಟ್ಟ ದುಂಡುಹುಳುವಿನ ನರಕೋಶಗಳಲ್ಲಿ ಹೊಳೆಯುವಂತೆ ಮಾಡಿದರು. ಉಪಾಯ ಸರಳವಾಗಿದೆ: ನಿಮಗೆ ಆಸಕ್ತಿಯಿರುವ ವಂಶವಾಹಿಯ ಎನ್‌ಹ್ಯಾನ್ಸರನ್ನು ತೆಗೆದು ಜಿಎಫ್‌ಪಿ ಎಂಬ ಈ ಹಸಿರು ಪ್ರೋಟೀನಿನ ವಂಶವಾಹಿಗೆ ಜೋಡಿಸಿ, ಪ್ರಾಣಿಯೊಳಗೆ ಸೇರಿಸಿದರೆ, ಎನ್‌ಹ್ಯಾನ್ಸರ್ ಎಚ್ಚರವಿರುವ ಕೋಶಗಳು ನೀಲಿ ಬೆಳಕಿನಡಿಯಲ್ಲಿ ಹಸಿರಾಗಿ ಹೊಳೆಯುತ್ತವೆ. ನೊಣಗಳಲ್ಲಿ ನಾವು ಇದನ್ನು ಎರಡು ತುಂಡು ಮಾಡಿ ಬಳಸುತ್ತೇವೆ. ಆಂಡ್ರಿಯಾ ಬ್ರ್ಯಾಂಡ್ ಮತ್ತು ನಾರ್ಬರ್ಟ್ ಪೆರಿಮನ್ 1993ರಲ್ಲಿ ರೂಪಿಸಿದ ವ್ಯವಸ್ಥೆಯಲ್ಲಿ, ಒಂದು ತಳಿಯ ನೊಣದಲ್ಲಿ ಯೀಸ್ಟಿನಿಂದ ತಂದ ಗ್ಯಾಲ್4 ಎಂಬ ಪ್ರೋಟೀನು ನಿರ್ದಿಷ್ಟ ಕೋಶಗಳಲ್ಲಿ ಮಾತ್ರ ತಯಾರಾಗುತ್ತದೆ, ಇನ್ನೊಂದು ತಳಿಯಲ್ಲಿ ಗ್ಯಾಲ್4 ಬಂದು ಕೂತರೆ ಮಾತ್ರ ಎಚ್ಚರಗೊಳ್ಳುವ ವಂಶವಾಹಿ ಇರುತ್ತದೆ. ಎರಡನ್ನೂ ಕೂಡಿಸಿ ಬಿಟ್ಟರೆ ಮರಿಗಳಲ್ಲಿ ನಮಗೆ ಬೇಕಾದ ಕೋಶದಲ್ಲಿ ಬೇಕಾದ ವಂಶವಾಹಿ ಕೆಲಸ ಮಾಡುತ್ತದೆ, ಅದು ಜಿಎಫ್‌ಪಿ ಆಗಿರಬಹುದು ಅಥವಾ ಮತ್ತೊಂದು ವಂಶವಾಹಿಯ ಬಾಯಿ ಮುಚ್ಚಿಸುವ ಆರ್‌ಎನ್‌ಎ ಆಗಿರಬಹುದು. ಇಂಥ ಸಾವಿರಾರು ತಳಿಗಳನ್ನು ಅಮೆರಿಕದ ಬ್ಲೂಮಿಂಗ್ಟನ್ನಿನ ಸಂಗ್ರಹ ಕಾಪಾಡಿಕೊಂಡು ಬಂದಿದೆ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಆವರಣದಲ್ಲೂ ನೊಣಗಳ ಸೌಲಭ್ಯವಿದೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹಿಂದಿನಿಂದಲೂ ರವೆ, ಬೆಲ್ಲ, ಅಗರ್ ಬೇಯಿಸಿದ ಆಹಾರದಲ್ಲಿ ತಳಿಗಳನ್ನು ಸಾಕುತ್ತ ಬಂದಿದ್ದಾರೆ.

ಆದರೆ ಹಸಿರು ಹೊಳಪನ್ನು ಓದುವಾಗ ಜಾಗ್ರತೆ ಬೇಕು. ಜಿಎಫ್‌ಪಿ ತಯಾರಾದ ಕೂಡಲೇ ಹೊಳೆಯುವುದಿಲ್ಲ, ಮತ್ತು ಒಮ್ಮೆ ತಯಾರಾದ ಮೇಲೆ ಬಹಳ ಹೊತ್ತು ಉಳಿಯುತ್ತದೆ. ಹಂಡೆಯ ನೀರು ಬಿಸಿಯಿದ್ದ ಮಾತ್ರಕ್ಕೆ ಒಲೆ ಈಗಲೂ ಉರಿಯುತ್ತಿದೆ ಎನ್ನಲಾಗದು. ಹಾಗೆಯೇ ಕೋಶ ಹಸಿರಾಗಿದೆ ಎಂದರೆ ವಂಶವಾಹಿ ಕೆಲವು ಗಂಟೆಗಳ ಹಿಂದೆ ಸಕ್ರಿಯವಾಗಿತ್ತು ಎಂದಷ್ಟೇ ಖಚಿತ. ಇನ್ನೂ ಒಂದು ಸಮಸ್ಯೆಯಿದೆ. ನಾವು ಜೋಡಿಸಿದ್ದು ಎನ್‌ಹ್ಯಾನ್ಸರಿನ ಒಂದು ತುಣುಕು ಮಾತ್ರವಾದರೆ, ದೂರದಲ್ಲಿರುವ ಇತರ ಎನ್‌ಹ್ಯಾನ್ಸರ್‌ಗಳ ಪಾಲು ಆ ಚಿತ್ರದಲ್ಲಿ ಬರುವುದೇ ಇಲ್ಲ. ಇದಲ್ಲದೆ ಗ್ಯಾಲ್4 ಉಷ್ಣತೆ ಹೆಚ್ಚಿದಷ್ಟೂ ಚುರುಕಾಗುತ್ತದೆ, 18 ಡಿಗ್ರಿಯಲ್ಲಿ ಮಂದವಾಗಿದ್ದದ್ದು 29 ಡಿಗ್ರಿಯಲ್ಲಿ ಬೇರೆಯದೇ ಫಲಿತಾಂಶ ಕೊಡಬಹುದು. ಪ್ರಬಂಧಗಳಲ್ಲಿ ಅಚ್ಚಾಗುವ ಸುಂದರ ಹಸಿರು ಚಿತ್ರಗಳ ಕೆಳಗೆ ಉಷ್ಣತೆ ಮತ್ತು ನೊಣದ ವಯಸ್ಸನ್ನು ಬರೆದಿದ್ದಾರೆಯೇ ಎಂದು ನಾನು ಮೊದಲು ನೋಡುತ್ತೇನೆ.

ಈ ವಿಳಂಬವನ್ನು ದಾಟುವ ವಿಧಾನವೂ ಈಗ ಇದೆ. ಎಂಎಸ್2 ಎಂಬ ಬ್ಯಾಕ್ಟೀರಿಯಾ ವೈರಸ್ಸಿನ ಆರ್‌ಎನ್‌ಎಯಲ್ಲಿ ಕುಣಿಕೆಯಂತೆ ಮಡಚಿಕೊಳ್ಳುವ ಭಾಗವಿದೆ, ಅದೇ ವೈರಸ್ಸಿನ ಕವಚದ ಪ್ರೋಟೀನು ಆ ಕುಣಿಕೆಯನ್ನು ಗುರುತಿಸಿ ಹಿಡಿದುಕೊಳ್ಳುತ್ತದೆ. ವಂಶವಾಹಿಯೊಳಗೆ ಇಂಥ ಹಲವು ಕುಣಿಕೆಗಳನ್ನು ಸೇರಿಸಿ, ಜಿಎಫ್‌ಪಿ ಅಂಟಿಸಿದ ಕವಚದ ಪ್ರೋಟೀನನ್ನು ಮೊದಲೇ ಕೋಶದಲ್ಲಿ ಇಟ್ಟಿದ್ದರೆ, ಆರ್‌ಎನ್‌ಎ ತಯಾರಾಗುತ್ತಿರುವ ಜಾಗದಲ್ಲೇ ಒಂದು ಬೆಳಕಿನ ಚುಕ್ಕೆ ಮೂಡುತ್ತದೆ. ಮೇಲೆ ಹೇಳಿದ ಎರಡನೆಯ ಪಟ್ಟೆಯನ್ನು ಬದುಕಿರುವ ಭ್ರೂಣದಲ್ಲಿ ಹೀಗೆ ನೋಡಿದ ಅಧ್ಯಯನ 2014ರಲ್ಲಿ ಬಂತು, ಮತ್ತು ಅದರಲ್ಲಿ ಕಂಡದ್ದು ಸ್ಥಿರ ಚಿತ್ರಗಳಿಂದ ಊಹಿಸಲಾಗದ ಸಂಗತಿ. ಆ ತುಣುಕು ಸಕ್ರಿಯವಾಗಿರುವ ಸುಮಾರು 90 ನಿಮಿಷಗಳಲ್ಲಿ ಪಟ್ಟೆ ತನ್ನ ಪೂರ್ಣ ರೂಪದಲ್ಲಿ ಇರುವುದು ಸುಮಾರು 15 ನಿಮಿಷ ಮಾತ್ರ, ಮತ್ತು ಪ್ರತಿಯೊಂದು ಕೋಶಕೇಂದ್ರದಲ್ಲೂ ಆರ್‌ಎನ್‌ಎ ಒಂದೇ ಸಮನೆ ಹರಿಯುವ ಬದಲು ಬಿಟ್ಟು ಬಿಟ್ಟು, ಅಲೆಅಲೆಯಾಗಿ ತಯಾರಾಗುತ್ತದೆ. ವಂಶವಾಹಿ ಚಾಲೂ ಇದೆ ಅಥವಾ ಇಲ್ಲ ಎಂದು ನಾವು ಮಾತನಾಡುವುದು ಅನುಕೂಲಕ್ಕಷ್ಟೇ ಎಂಬುದು ಇದನ್ನು ನೋಡಿದ ಮೇಲೆ ಸ್ಪಷ್ಟವಾಗುತ್ತದೆ.

ಇಷ್ಟಾದರೂ ಇಲ್ಲಿಯವರೆಗಿನ ಯಾವ ವಿಧಾನವೂ ಆ ವಂಶವಾಹಿಯಿಂದ ಏನು ಪ್ರಯೋಜನ ಎಂಬುದನ್ನು ಹೇಳುವುದಿಲ್ಲ. ಕಣ್ಣಿನಲ್ಲಿ ಸಕ್ರಿಯವಾಗಿರುವುದೆಲ್ಲ ಕಣ್ಣಿಗೆ ಅಗತ್ಯವೆಂದಲ್ಲ. ಅದನ್ನು ತಿಳಿಯಲು ವಂಶವಾಹಿಯನ್ನು ಕೆಡಿಸಿ ನೋಡಬೇಕು, ಅಥವಾ ಅದು ಇರಬಾರದ ಕಡೆ ಎಚ್ಚರಗೊಳಿಸಿ ನೋಡಬೇಕು. ಐಲೆಸ್ ಎಂಬ ವಂಶವಾಹಿ ಕೆಟ್ಟ ನೊಣಗಳಲ್ಲಿ ಕಣ್ಣು ಕಿರಿದಾಗುತ್ತದೆ ಅಥವಾ ಇರುವುದೇ ಇಲ್ಲ. ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರಿಂಗ್ ಅವರ ತಂಡ 1995ರಲ್ಲಿ ಗ್ಯಾಲ್4 ಬಳಸಿ ಅದನ್ನು ಕಾಲು, ರೆಕ್ಕೆ, ಮೀಸೆಗಳಾಗಬೇಕಾದ ಅಂಗಾಂಶಗಳಲ್ಲಿ ಎಚ್ಚರಗೊಳಿಸಿದಾಗ ಅಲ್ಲೆಲ್ಲ ಕೆಂಪು ಕಣ್ಣುಗಳು ಮೂಡಿದವು. ಇಲಿಯ ಅದಕ್ಕೆ ಸಮನಾದ ವಂಶವಾಹಿಯನ್ನು ಹಾಕಿದಾಗಲೂ ಕಣ್ಣು ಮೂಡಿತು, ಮತ್ತು ಅದು ಇಲಿಯ ಕಣ್ಣಾಗಿರದೆ ನೊಣದ ಕಣ್ಣೇ ಆಗಿತ್ತು. ಆದರೆ ಮೈಯ ಎಲ್ಲ ಭಾಗಗಳಲ್ಲೂ ಹೀಗಾಗುವುದಿಲ್ಲ ಎಂಬುದನ್ನು ಜನಪ್ರಿಯ ಲೇಖನಗಳು ಬಿಟ್ಟುಬಿಡುತ್ತವೆ. ಅದಕ್ಕೆ ಸ್ಪಂದಿಸಲು ಆ ಕೋಶದಲ್ಲಿ ಮೊದಲೇ ಬೇರೆ ಪ್ರೋಟೀನುಗಳ ಸಿದ್ಧತೆ ಇರಬೇಕು.

ಈಗ ಒಂದೊಂದೇ ಕೋಶವನ್ನು ಬಿಡಿಸಿ ಅದರಲ್ಲಿರುವ ಆರ್‌ಎನ್‌ಎಗಳನ್ನೆಲ್ಲ ಓದುವ ತಂತ್ರವೂ ಇದೆ, 2022ರಲ್ಲಿ ವಯಸ್ಕ ಹಣ್ಣುನೊಣದ ಇಂಥ ಕೋಶನಕ್ಷೆ ಪ್ರಕಟವಾಯಿತು. ಮಾಹಿತಿಯ ರಾಶಿಯೇನೋ ಅಪಾರ, ಆದರೆ ಆರ್‌ಎನ್‌ಎಯ ಪ್ರಮಾಣವನ್ನು ನೋಡಿ ಪ್ರೋಟೀನಿನ ಪ್ರಮಾಣವನ್ನು ನಿಖರವಾಗಿ ಹೇಳಲಾಗದು ಎಂಬ ಮಿತಿ ಅಲ್ಲಿಯೂ ಇದೆ. ಆರ್‌ಎನ್‌ಎ ಇದ್ದರೂ ಅದರಿಂದ ಪ್ರೋಟೀನು ತಯಾರಾಗದಂತೆ ತಡೆಯುವ ಪುಟ್ಟ ಆರ್‌ಎನ್‌ಎಗಳ ಮೇಲಿನ ಸಂಶೋಧನೆಗೇ 2024ರ ನೊಬೆಲ್ ಬಂದಿತು.

ಇದೆಲ್ಲ ಓದಿ ಒಮ್ಮೆ ಕಣ್ಣಾರೆ ನೋಡಬೇಕು ಎನ್ನಿಸಿದರೆ, ಜೀವಶಾಸ್ತ್ರದ ಪ್ರಯೋಗಾಲಯವಿರುವ ಪದವಿ ಕಾಲೇಜು ಸಾಕು, ಜಿಎಫ್‌ಪಿಯ ಅಗತ್ಯವಿಲ್ಲ. ಆಹಾರ ಬಿಟ್ಟು ಬಾಟಲಿಯ ಗೋಡೆಯ ಮೇಲೆ ಹತ್ತುವ ಹಂತದಲ್ಲಿರುವ ದಪ್ಪ ಮರಿಹುಳುಗಳನ್ನು ಆರಿಸಿ, ಅರ್ಧದಷ್ಟನ್ನು 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ, ಉಳಿದವನ್ನು ಎಂದಿನ ಉಷ್ಣತೆಯಲ್ಲೇ ಬಿಡಿ. ಎರಡರಿಂದಲೂ ಜೊಲ್ಲುಗ್ರಂಥಿಗಳನ್ನು ಬಿಡಿಸಿ, ಅಸಿಟೋ ಆರ್ಸೀನ್ ಬಣ್ಣ ಹಾಕಿ, ಗಾಜಿನ ಚೂರಿನಡಿಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿ. ಮೂರನೆಯ ವರ್ಣತಂತುವಿನ ಬಲತೋಳಿನಲ್ಲಿ 87ಎ, 87ಸಿ ಮತ್ತು 93ಡಿ ಎಂದು ನಕ್ಷೆಯಲ್ಲಿ ಗುರುತಿಸಿರುವ ಜಾಗಗಳನ್ನು ಎರಡೂ ಸ್ಲೈಡುಗಳಲ್ಲಿ ಹೋಲಿಸಿ ನೋಡಿ. ಮೊದಲ ಸಲ ವರ್ಣತಂತುಗಳು ಸರಿಯಾಗಿ ಹರಡದೆ ಮುದ್ದೆಯಾಗುವುದು ಸಾಮಾನ್ಯ, ಆದ್ದರಿಂದ ಮರಿಹುಳುಗಳನ್ನು ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ.